ಬಿಳಿ ಸ್ವಿಫ್ಟ್‌ಗೆ ಬೂದು ಬಣ್ಣ, ಕಪ್ಪು ರೂಫ್, ಅಲಾಯ್, ಗಾರ್ಡ್: ಆರ್‌ಟಿಓಗೆ ಯಾವುದನ್ನು ತಿಳಿಸಬೇಕು, ಯಾವುದನ್ನು ಮಾಡಿಸಲೇಬಾರದು?

ಕೆಎ25_ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ಗಾಡಿ 2018ರ ಸ್ವಿಫ್ಟ್ ಝಡ್‌ಎಕ್ಸ್‌ಐ ಪೆಟ್ರೋಲ್, ಧಾರವಾಡ ರಿಜಿಸ್ಟ್ರೇಷನ್. ಆರ್‌ಸಿಯಲ್ಲಿ ಬಣ್ಣ ಬಿಳಿ ಅಂತಿದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಬ್ಯಾಂಕ್ ಸಾಲ ನಡೀತಾ ಇದೆ, ಆರ್‌ಸಿ ಮೇಲೆ ಹೈಪಾಥಿಕೇಷನ್ (ಸಾಲಕ್ಕೆ ಗಾಡಿ ಅಡಮಾನ ಅನ್ನೋ ನಮೂದು) ಇದೆ. ಬಾನೆಟ್ ಮತ್ತು ರೂಫ್ ಮೇಲೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸುಲಿದಿದೆ, ಹೇಗೂ ಪೇಂಟ್ ಮಾಡಿಸಬೇಕು. ಮಾಡಿಸೋದೇ ಆದರೆ ಪೂರ್ತಿ ಗಾಡಿಗೆ ಗಾಢ ಬೂದು, ರೂಫ್‌ಗೆ ಕಪ್ಪು ಹಾಕಿಸೋಣ ಅಂತ ಯೋಚನೆ.

ಜೊತೆಗೆ 16 ಇಂಚಿನ ಅಲಾಯ್, ಮುಂದೆ ಸ್ಟೀಲ್ ಗಾರ್ಡ್, ಹಿಂದೆ ಸಣ್ಣ ಸ್ಪಾಯ್ಲರ್, ಹೆಡ್‌ಲೈಟ್‌ಗೆ ಎಲ್‌ಇಡಿ ಬಲ್ಬ್, ಗ್ಲಾಸ್‌ಗೆ ಸನ್ ಫಿಲ್ಮ್, ನಂಬರ್ ಪ್ಲೇಟ್ ಮೇಲೆ ಕನ್ನಡ ಅಂಕಿ, ಇಷ್ಟು ಪಟ್ಟಿಯಲ್ಲಿವೆ.

ಆಕ್ಸೆಸರಿ ಅಂಗಡಿಯವರು ‘ಯಾರೂ ಕೇಳಲ್ಲ, ಹಾಕಿಸ್ಕೊಳ್ಳಿ’ ಅಂತಾರೆ. ನೆಟ್‌ನಲ್ಲಿ ಹುಡುಕಿದರೆ ‘ಯಾವ ಮಾಡಿಫಿಕೇಷನ್ ಮಾಡಿಸಿದರೂ ಅಪರಾಧ’ ಅಂತ ಬರೀತಾರೆ. ನಿಯಮ ನಿಜಕ್ಕೂ ಏನು ಹೇಳುತ್ತೆ? ಬಣ್ಣ ಬದಲಿಸಿದರೆ ಆರ್‌ಸಿ ತಿದ್ದುಪಡಿಗೆ ಯಾವ ಕ್ರಮದಲ್ಲಿ ಹೋಗಬೇಕು? ಸಾಲ ಇರೋದರಿಂದ ತೊಂದರೆ ಆಗುತ್ತಾ?

---

ಹಾಸನ_ವಕೀಲರು

ಅಂಗಡಿಯವರದ್ದೂ ತಪ್ಪು, ನೆಟ್‌ನಲ್ಲಿ ಬರೆದದ್ದೂ ತಪ್ಪು.

ಮೂಲ ಇರುವುದು ಮೋಟಾರು ವಾಹನ ಕಾಯ್ದೆ 1988ರ ಕಲಂ 52ರಲ್ಲಿ. ತಯಾರಕರು ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ತಾಳೆಯಾಗದ ಹಾಗೆ ಮಾಲೀಕರು ಗಾಡಿಯನ್ನು ಮಾರ್ಪಡಿಸಬಾರದು ಎಂಬುದು ಅದರ ಸಾರ. ಎಲ್ಲರೂ ಇಷ್ಟನ್ನೇ ಓದಿ ನಿಲ್ಲಿಸುತ್ತಾರೆ. ಅದೇ ಕಲಮಿನ ಕೊನೆಗಿರುವ ವಿವರಣೆಯನ್ನು ಓದಿದರೆ, ಮಾರ್ಪಾಡು ಎಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಎಂದು ಸ್ಪಷ್ಟವಾಗಿದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು, ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ, ತಯಾರಕರ ಮೂಲ ವಿವರಗಳನ್ನು ಬದಲಿಸಲು ಯಾರಿಗೂ ಅವಕಾಶವಿಲ್ಲ ಎಂದು ಹೇಳಿತು. ಮರುದಿನದಿಂದಲೇ ‘ಎಲ್ಲ ಮಾಡಿಫಿಕೇಷನ್ ಬ್ಯಾನ್’ ಎಂಬ ಸುದ್ದಿ ಹಬ್ಬಿತು. ಆದರೆ ಅದೇ ತೀರ್ಪಿನಲ್ಲಿ ಒತ್ತು ಇರುವುದು ತಯಾರಕರ ಮೂಲ ಸ್ಪೆಸಿಫಿಕೇಷನ್ ಮೇಲೆ. ಆರ್‌ಸಿಯ ಉಳಿದ ವಿವರಗಳನ್ನು ಕಾಯ್ದೆ ಹೇಳಿದ ದಾರಿಯಲ್ಲಿ ಬದಲಿಸಿ ನಮೂದಿಸಬಹುದು ಎಂಬ ಮಾತೂ ಅದರಲ್ಲಿದೆ.

ಹಾಗಾಗಿ ನಿಮ್ಮ ಪಟ್ಟಿಯ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿ. ಇದು ಆರ್‌ಸಿಯಲ್ಲಿ ಬರೆದಿರುವ ವಿಷಯವೇ? ಬರೆದಿಲ್ಲದಿದ್ದರೂ ಕೇಂದ್ರ ಮೋಟಾರು ವಾಹನ ನಿಯಮ 1989ರಲ್ಲಿ ಇದಕ್ಕೆಂದೇ ಪ್ರತ್ಯೇಕ ನಿಯಮ ಇದೆಯೇ? ಬಣ್ಣ ಮೊದಲನೆಯ ಪ್ರಶ್ನೆಗೆ ಸಿಗುತ್ತದೆ. ಗ್ಲಾಸ್, ಲೈಟ್, ನಂಬರ್ ಪ್ಲೇಟ್ ಎರಡನೆಯದಕ್ಕೆ. ಸ್ಪಾಯ್ಲರ್ ಎರಡಕ್ಕೂ ಹೆಚ್ಚುಕಡಿಮೆ ಸಿಗುವುದಿಲ್ಲ.

ಈಗ ಬಣ್ಣದ ವಿಷಯಕ್ಕೆ ಬರೋಣ. ಪೇಂಟ್ ಮಾಡಿಸಿ ಆಮೇಲೆ ಆರ್‌ಟಿಓಗೆ ಹೋಗುವುದು ಎಲ್ಲರ ರೂಢಿ. ಮಾರ್ಪಾಡಾದ 14 ದಿನದೊಳಗೆ ಆರ್‌ಸಿ ಸಮೇತ ವರದಿ ಮಾಡಬೇಕು ಎಂದು 52(3) ಹೇಳುವುದರಿಂದ ಅದನ್ನೇ ಆಸರೆ ಮಾಡಿಕೊಳ್ಳುತ್ತಾರೆ. ನನ್ನ ಸಲಹೆ ಮೊದಲು ಅರ್ಜಿ, ಆಮೇಲೆ ಪೇಂಟ್. ಕಾರಣ ಎರಡು. ನೀವು ಆರಿಸಿದ ಬಣ್ಣಕ್ಕೆ ಆಕ್ಷೇಪ ಬಂದರೆ ಖರ್ಚು ಮಾಡುವ ಮೊದಲೇ ಗೊತ್ತಾಗುತ್ತದೆ. ಮತ್ತೆ, ಪೇಂಟ್ ಆಗಿ ಆರ್‌ಸಿ ಬರುವವರೆಗಿನ ಅವಧಿಯಲ್ಲಿ ರಸ್ತೆಯಲ್ಲಿ ತಡೆದರೆ ತೋರಿಸಲು ಸ್ವೀಕೃತಿ ಕೈಯಲ್ಲಿರುತ್ತದೆ.

ಕ್ರಮ ಹೀಗೆ. ಮೊದಲು ಬ್ಯಾಂಕಿಗೆ ಲಿಖಿತ ಮನವಿ ಕೊಟ್ಟು ‘ಬಣ್ಣ ಬದಲಾವಣೆಗೆ ಆಕ್ಷೇಪವಿಲ್ಲ’ ಎಂಬ ಎನ್‌ಒಸಿ ತಗೊಳ್ಳಿ. ಗಾಡಿ ನಂಬರ್, ಚಾಸಿ ನಂಬರ್, ಈಗಿನ ಬಣ್ಣ, ಹೊಸ ಬಣ್ಣ ನಾಲ್ಕೂ ಅದರಲ್ಲಿರಲಿ. ಸಾಲ ತೀರಿದ ಮೇಲೆ ಕೊಡುವ ಎನ್‌ಒಸಿಯೇ ಬೇರೆ. ಬ್ಯಾಂಕಿನ ಕೌಂಟರಿನಲ್ಲಿ ಬರೇ ‘ಎನ್‌ಒಸಿ ಬೇಕು’ ಎಂದರೆ ‘ಸಾಲ ತೀರಿಸಿ ಬನ್ನಿ’ ಎಂಬ ಉತ್ತರ ಬರುತ್ತದೆ. ಆಮೇಲೆ ಪರಿವಾಹನ್ ಪೋರ್ಟಲಿನಲ್ಲಿ ಕರ್ನಾಟಕ ಆರಿಸಿ, ಗಾಡಿ ನಂಬರ್ ಮತ್ತು ಚಾಸಿಯ ಕೊನೆಯ 5 ಅಂಕಿ ಹಾಕಿ, ಒಟಿಪಿ ಪಡೆದು, ವಾಹನ ಮಾರ್ಪಾಡಿನ ಸೇವೆಗೆ ಅರ್ಜಿ ಹಾಕುವುದು. ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರಿಗೇ ಒಟಿಪಿ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇಲ್ಲೇ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಹಳೆಯ ಮಾಲೀಕರ ನಂಬರೇ ಉಳಿದಿರುತ್ತದೆ. ಅದನ್ನು ಮೊದಲು ಸರಿಮಾಡಿಸಿ.

ಅರ್ಜಿಯ ಪ್ರಿಂಟ್, ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಗುರುತಿನ ಮತ್ತು ವಿಳಾಸದ ದಾಖಲೆ, ಬ್ಯಾಂಕಿನ ಎನ್‌ಒಸಿ ಇವನ್ನು ಕಚೇರಿಗೆ ಕೊಡಬೇಕು. ಪೇಂಟ್ ಆದ ಮೇಲೆ ಜಿಎಸ್‌ಟಿ ನಂಬರ್ ಇರುವ ಬಿಲ್ ಮತ್ತು ನಾಲ್ಕೂ ಕಡೆಯ ಫೋಟೋ, ಮುಂದಿನ ಮತ್ತು ಹಿಂದಿನದರಲ್ಲಿ ನಂಬರ್ ಪ್ಲೇಟ್ ಕಾಣುವ ಹಾಗೆ. ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ನಿಲ್ಲಿಸಬೇಕು. ಅವರು ಚಾಸಿ ನಂಬರ್ ತಾಳೆ ನೋಡುತ್ತಾರೆ, ಪೆನ್ಸಿಲ್ ಪ್ರಿಂಟ್ (ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಕೇಳಬಹುದು. ಪೇಂಟ್ ಕೆಲಸದಲ್ಲಿ ಚಾಸಿ ನಂಬರಿನ ಮೇಲೆ ಪ್ರೈಮರ್ ಬಳಿದು ಅಕ್ಷರ ಮುಚ್ಚಿಹೋದರೆ ಕಳ್ಳಗಾಡಿಯ ಅನುಮಾನ ಹುಟ್ಟಿ ಪ್ರಕರಣ ಬೇರೆ ದಿಕ್ಕಿಗೇ ಹೋಗುತ್ತದೆ. ಆ ಜಾಗಕ್ಕೆ ಟೇಪ್ ಹಾಕಿಸುವುದನ್ನು ನೀವೇ ನಿಂತು ನೋಡಿ.

ತಿದ್ದುಪಡಿ ಆಯಿತೇ ಎಂದು ತಿಳಿಯಲು ಕಾರ್ಡ್ ಬರುವ ತನಕ ಕಾಯಬೇಡಿ, ಎಂಪರಿವಾಹನ್ ಆ್ಯಪ್‌ನಲ್ಲಿ ಹೊಸ ಬಣ್ಣ ಕಾಣುತ್ತಿದೆಯೇ ನೋಡಿ. ರಸ್ತೆಯಲ್ಲಿ ಪೊಲೀಸರು ನೋಡುವುದು ಆ ಡೇಟಾಬೇಸನ್ನೇ.

ದಂಡದ ಬಗ್ಗೆ: 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ಗಾಡಿ ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿ ಮಾರ್ಪಾಡಿಗೆ’ ಎಂಬುದನ್ನು ಗಮನಿಸಿ, ಗಾಡಿಗೆ ಒಂದೇ ಸಲ ಅಂತಲ್ಲ. ಇದಲ್ಲದೆ ಕಲಂ 53ರಡಿ ರಿಜಿಸ್ಟ್ರೇಷನ್ ಅಮಾನತು ಮಾಡುವ ಅಧಿಕಾರವೂ ಇದೆ.

---

ಮೈಸೂರು_ಪೇಂಟ್‌ಬೂತ್

ವಕೀಲರು ಕಾಗದದ ಕಡೆ ಹೇಳಿದ್ದಾರೆ, ನಾನು ಗಾಡಿಯ ಕಡೆ ಹೇಳ್ತೀನಿ.

ಬಿಳಿಯಿಂದ ಗಾಢ ಬೂದಿಗೆ ಹೋಗೋದು ಅಂದರೆ ಹೊರಗಿನ ಪ್ಯಾನೆಲ್ ಮಾತ್ರ ಅಲ್ಲ. ಬಾಗಿಲು ತೆಗೆದಾಗ ಕಾಣೋ ಚೌಕಟ್ಟು, ಡಿಕ್ಕಿ ಒಳಗಿನ ಅಂಚು, ಬಾನೆಟ್ ಕೆಳಭಾಗ, ಪೆಟ್ರೋಲ್ ಮುಚ್ಚಳದ ಒಳಗು ಇವೆಲ್ಲ ಬಿಳಿಯಾಗೇ ಉಳಿದರೆ ಇನ್‌ಸ್ಪೆಕ್ಟರ್ ಕಣ್ಣಿಗೂ ಬೀಳುತ್ತೆ, ಮುಂದೆ ಮಾರುವಾಗ ಬೆಲೆಯೂ ಬೀಳುತ್ತೆ. ಕಡಿಮೆ ರೇಟ್ ಹೇಳೋರು ಉಳಿಸೋದು ಇಲ್ಲೇ. ಕೊಟೇಷನ್‌ನಲ್ಲಿ ‘ಡೋರ್ ಫ್ರೇಮ್ ಒಳಗೂ ಸೇರಿ’ ಅಂತ ಬರೆಸ್ಕೊಳ್ಳಿ.

ಬಣ್ಣಕ್ಕೆ ಸ್ವಿಫ್ಟ್‌ನಲ್ಲಿ ಕಂಪನಿಯೇ ಕೊಡೋ ಬೂದು ಕೋಡ್ ಆರಿಸಿ. ಬೇಕಾದ ಹಾಗೆ ಕಲೆಸಿದ ಬಣ್ಣ ಹಾಕಿಸಿದರೆ ಮುಂದೆ ಒಂದು ಬಾಗಿಲಿಗೆ ಪೆಟ್ಟು ಬಿದ್ದಾಗ ಹೊಂದಿಸೋಕಾಗಲ್ಲ. ಬಿಲ್‌ನಲ್ಲಿ ಬಣ್ಣದ ಹೆಸರು, ಕೋಡ್ ಎರಡೂ ಬರೆಸಿ. ಆರ್‌ಟಿಓ ಅರ್ಜಿಯಲ್ಲೂ ಅದೇ ಹೆಸರು ಇರಲಿ.

ಕಪ್ಪು ರೂಫ್ ಬಗ್ಗೆ ಜನ ‘ರೂಫ್ ತಾನೇ’ ಅಂದ್ಕೊಂಡು ಹೇಳದೇ ಬಿಡ್ತಾರೆ. ಕಂಪನಿಯಿಂದಲೇ ಎರಡು ಬಣ್ಣದಲ್ಲಿ ಬಂದ ಗಾಡಿಗಳ ಆರ್‌ಸಿಯಲ್ಲಿ ಎರಡೂ ಬಣ್ಣ ಬರೆದಿರುತ್ತೆ. ನೀವು ಹೇಗೂ ಅರ್ಜಿ ಹಾಕ್ತಿದ್ದೀರಲ್ಲ, ‘ಬೂದು, ರೂಫ್ ಕಪ್ಪು’ ಅಂತ ಒಟ್ಟಿಗೇ ಬರೀರಿ. ಎರಡನೇ ಸಲ ಓಡಾಡೋದು ತಪ್ಪುತ್ತೆ.

ಸುಲಿದ ಕ್ಲಿಯರ್ ಕೋಟ್ ಮೇಲೆ ಸುಮ್ಮನೆ ಉಜ್ಜಿ ಬೇಸ್ ಕೋಟ್ ಹೊಡೀಬೇಡಿ. ಸುಲಿದ ಅಂಚು ಹಳೇ ಪದರದ ಕೆಳಗೆ ಇನ್ನೂ ಎದ್ದಿರುತ್ತೆ, ಒಂದು ಬೇಸಿಗೆ ಕಳೆಯೋದರಲ್ಲಿ ಅದೇ ಜಾಗದಲ್ಲಿ ಹೊಸ ಪೇಂಟೂ ಎದ್ದು ಬರುತ್ತೆ. ಆ ಪ್ಯಾನೆಲ್‌ನಲ್ಲಿ ಗಟ್ಟಿ ಪದರ ಸಿಗೋವರೆಗೆ ಇಳಿಸಿ, ಪ್ರೈಮರ್ ಕೊಟ್ಟು, ಆಮೇಲೆ ಬೇಸ್, ಅದರ ಮೇಲೆ ಕ್ಲಿಯರ್. ಹಿಂದಿನ ಬಂಪರಿನ ಪಾರ್ಕಿಂಗ್ ಸೆನ್ಸರ್‌ಗಳನ್ನ ಬಿಚ್ಚಿ ಬೇರೆಯಾಗಿ ತೆಳ್ಳಗೆ ಹೊಡೀಬೇಕು. ಬಂಪರ್ ಜೊತೆಗೇ ಎರಡು ಮೂರು ಪದರ ಬಿದ್ದರೆ ಸೆನ್ಸರ್ ಮುಖ ಸರಿಯಾಗಿ ಕಂಪಿಸಲ್ಲ, ಏನೂ ಇಲ್ಲದಿದ್ದರೂ ಕೂಗೋಕೆ ಶುರುಮಾಡುತ್ತೆ, ಇಲ್ಲಾ ಗೋಡೆ ಬಂದರೂ ಸುಮ್ಮನಿರುತ್ತೆ. ಬಂಪರ್ ಹಿಂದೆ ರೇಡಾರ್ ಇರೋ ಹೊಸ ಗಾಡಿಯವರು ಇದನ್ನ ಓದ್ತಿದ್ದರೆ: ರೇಡಾರ್ ಮುಂದಿನ ಜಾಗದಲ್ಲಿ ಪುಟ್ಟಿ, ಮೆಟಾಲಿಕ್ ಪೇಂಟಿನ ದಪ್ಪ ಪದರ, ಕ್ರೋಮ್ ರ‍್ಯಾಪ್ ಯಾವುದೂ ಬೇಡ. ಲೋಹದ ಕಣ ರೇಡಾರ್ ಸಿಗ್ನಲ್ ಅನ್ನ ತಡೆಯುತ್ತೆ.

---

ಲೈಟ್_ಲೆವೆಲ್

ಗಾರ್ಡ್ ಬೇಡ. ನಿಮ್ಮ ಪಟ್ಟಿಯಲ್ಲಿ ಇದೊಂದನ್ನು ಯಾವ ಕಾರಣಕ್ಕೂ ಹಾಕಿಸಬೇಡಿ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿಸುವುದು ಕಲಂ 52ರ ಉಲ್ಲಂಘನೆ, 190 ಮತ್ತು 191ರಡಿ ಕ್ರಮ ತಗೊಳ್ಳಿ ಎಂದಿದೆ. ಕಾನೂನು ಪಕ್ಕಕ್ಕಿರಲಿ, ಸ್ವಿಫ್ಟ್‌ನಲ್ಲಿ ಏನಾಗುತ್ತದೆ ನೋಡಿ. ಮುಂಭಾಗದ ತಗಡು ಒಂದು ಕ್ರಮದಲ್ಲಿ ಮಡಚಿಕೊಂಡು ಪೆಟ್ಟಿನ ಬಲ ಹೀರುವ ಹಾಗೆ ರೂಪಿಸಿರುತ್ತಾರೆ. ಏರ್‌ಬ್ಯಾಗ್ ಕಂಟ್ರೋಲರ್ ವೇಗ ಎಷ್ಟು ಬೇಗ ಇಳಿಯಿತು ಎಂಬುದನ್ನು ಅಳೆದು, ಈ ಮಡಚಿಕೊಳ್ಳುವ ಲೆಕ್ಕದ ಮೇಲೇ ಬ್ಯಾಗ್ ಬಿಚ್ಚುವ ಕ್ಷಣವನ್ನು ನಿರ್ಧರಿಸುತ್ತದೆ. ಸ್ಟೀಲ್ ಪೈಪನ್ನು ಚಾಸಿ ತುದಿಗೆ ಬೋಲ್ಟ್ ಮಾಡಿದರೆ ಬಲ ಮಡಿಕೆಯಾಗುವ ಜಾಗ ಬಿಟ್ಟು ನೇರ ಒಳಗೆ ಹೋಗುತ್ತದೆ. ಬ್ಯಾಗ್ ತಡವಾಗಬಹುದು, ಬೇಡದಾಗ ಬಿಚ್ಚಿಕೊಳ್ಳಲೂಬಹುದು. ಗಾಡಿಗೆ ಸಿಕ್ಕ ಪಾದಚಾರಿಯ ಮೊಣಕಾಲಿಗೆ ಬಂಪರಿನ ಪ್ಲಾಸ್ಟಿಕ್ ಬದಲು ಕಬ್ಬಿಣ ಬಡಿಯುತ್ತದೆ. ಪಾರ್ಕಿಂಗ್ ಗೀರಿನ ಚಿಂತೆಯಿದ್ದರೆ ಬಂಪರ್ ಮೂಲೆಗೆ ಅಂಟಿಸುವ ರಬ್ಬರ್ ಪಟ್ಟಿ ಸಾಕು.

ಎಲ್‌ಇಡಿ ಬಲ್ಬ್: ನಿಮ್ಮ ಹೆಡ್‌ಲೈಟ್ ಎಚ್4 ಹ್ಯಾಲೋಜನ್‌ಗಾಗಿ ಮಾಡಿದ್ದು, 60/55 ವ್ಯಾಟ್. ಒಳಗಿನ ಕನ್ನಡಿ ಬಟ್ಟಲು ಫಿಲಮೆಂಟ್ ಇರುವ ನಿಖರ ಬಿಂದುವಿಗೆ ಹೊಂದಿಸಿದ್ದು. ಎಲ್‌ಇಡಿ ಬಲ್ಬಿನ ಚಿಪ್ ಎರಡು ಪಕ್ಕಕ್ಕೆ ಬೆಳಕು ಎಸೆಯುತ್ತದೆ, ಬಿಂದು ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಡಿಪ್ ಬೀಮಿನ (ಕೆಳಕ್ಕೆ ಬೀಳುವ ಬೆಳಕಿನ) ಮೇಲಂಚಿನ ಗೆರೆ ಒಡೆದುಹೋಗುತ್ತದೆ. ನಿಮಗೆ ರಸ್ತೆ ಬೆಳಗಿದ ಹಾಗೆ ಕಾಣುತ್ತದೆ, ಎದುರಿನವರ ಕಣ್ಣು ಕೋರೈಸುತ್ತದೆ. ದೀಪದಿಂದ 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಡಿಪ್ ಲೈಟ್ ಕುಕ್ಕಬಾರದು ಎಂಬುದು ನಿಯಮ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಇದಕ್ಕೆಂದೇ ವಿಶೇಷ ಕಾರ್ಯಾಚರಣೆ ನಡೆಸಿದ್ದಾರೆ.

ಬೆಳಕು ಸಾಲದು ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಬಲ್ಬಿನದ್ದಲ್ಲ. ಮಬ್ಬಾದ ಲೆನ್ಸ್, ತುಕ್ಕು ಹಿಡಿದ ಅರ್ತ್, ಕೆಳಗೆ ಜಾರಿದ ಅಲೈನ್‌ಮೆಂಟ್. ಅಲೈನ್‌ಮೆಂಟ್ ಮನೆಯಲ್ಲೇ ನೋಡಬಹುದು. ಸಮತಟ್ಟಾದ ನೆಲದಲ್ಲಿ ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ, ಟೈರ್ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಲೆವೆಲಿಂಗ್ ಸ್ವಿಚ್ 0ಯಲ್ಲಿರಲಿ. ಹೆಡ್‌ಲೈಟ್ ನಡುಭಾಗದ ಎತ್ತರವನ್ನು ಗೋಡೆ ಮೇಲೆ ಗುರುತು ಮಾಡಿ. ಲ್ಯಾಂಪಿನ ಮೇಲೆ 1.2% ಎಂದು ಬರೆದಿದ್ದರೆ ಡಿಪ್ ಬೀಮಿನ ಮೇಲಂಚು ಆ ಗುರುತಿಗಿಂತ 6 ಸೆಂಟಿಮೀಟರ್ ಕೆಳಗೆ ಬರಬೇಕು. ಇಷ್ಟು ಸರಿಮಾಡಿ, ಅದೇ ವ್ಯಾಟಿನ ಒಳ್ಳೆಯ ಹ್ಯಾಲೋಜನ್ ಹಾಕಿ.

ಹಿಂದಿನ ಲೈಟಿಗೆ ಕಪ್ಪು ಸ್ಮೋಕ್ ಫಿಲ್ಮ್ ಕೂಡ ಬೇಡ. ಬ್ರೇಕ್ ಲೈಟ್ ಹಗಲಲ್ಲಿ ಕಾಣದೇ ಹೋಗುತ್ತದೆ, ರಿಫ್ಲೆಕ್ಟರ್ ಸತ್ತೇಹೋಗುತ್ತದೆ.

---

ಕೆಎ25_ಸ್ವಿಫ್ಟ್

ತುಂಬಾ ಧನ್ಯವಾದ. ಗಾರ್ಡ್, ಎಲ್‌ಇಡಿ ಎರಡೂ ಪಟ್ಟಿಯಿಂದ ತೆಗೆದೆ. ಇನ್ನೆರಡು ಪ್ರಶ್ನೆ. ಪೇಂಟ್ ಬದಲು ವಿನೈಲ್ (ಅಂಟಿಸೋ ಬಣ್ಣದ ಪ್ಲಾಸ್ಟಿಕ್ ಹಾಳೆ) ರ‍್ಯಾಪ್ ಮಾಡಿಸಿದರೆ ಆರ್‌ಸಿ ಗೊಡವೆ ಬೇಡ, ಬೇಕಾದಾಗ ಕಿತ್ತು ಹಾಕಬಹುದು ಅಂತ ಒಬ್ಬರು ಹೇಳಿದರು, ನಿಜಾನಾ? ಮತ್ತೆ ಬೂದು ಬದಲು ಮ್ಯಾಟ್ ಮಿಲಿಟರಿ ಹಸಿರು ಹಾಕಿಸಬಹುದಾ? ಸನ್ ಫಿಲ್ಮ್, ಅಲಾಯ್ ಬಗ್ಗೆ ಯಾರೂ ಹೇಳಿಲ್ಲ.

---

ಹಾಸನ_ವಕೀಲರು

ಹಸಿರಿನ ಪ್ರಶ್ನೆ ಮೊದಲು. ಕೇಂದ್ರ ನಿಯಮ 121ರ ಪ್ರಕಾರ ರಕ್ಷಣಾ ಸಚಿವಾಲಯದ ಗಾಡಿಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಮ್ಯಾಟ್ ಆದರೂ ಅಷ್ಟೇ, ಗ್ಲಾಸಿ ಆದರೂ ಅಷ್ಟೇ. ಮೊದಲೇ ಅರ್ಜಿ ಹಾಕಿ ಅಂದದ್ದು ಇಂಥದ್ದಕ್ಕೇ. ಬೇರೆ ಹಸಿರುಗಳಿಗೆ ತಡೆ ಇಲ್ಲ, ಆದರೆ ಅನುಮಾನ ಹುಟ್ಟಿಸುವಷ್ಟು ಹತ್ತಿರದ ಛಾಯೆ ಆರಿಸಿ ಪ್ರತಿ ಚೆಕ್‌ಪೋಸ್ಟಿನಲ್ಲಿ ವಾದ ಮಾಡುವುದು ಯಾಕೆ?

ರ‍್ಯಾಪ್: ಆರ್‌ಸಿಯಲ್ಲಿ ಬರೆದಿರುವುದು ಗಾಡಿಯ ಬಣ್ಣ. ಅದು ಪೇಂಟಿನಿಂದ ಬಂತೋ ಅಂಟಿಸಿದ ಹಾಳೆಯಿಂದ ಬಂತೋ ಎಂಬುದು ರಸ್ತೆಯಲ್ಲಿ ನಿಲ್ಲಿಸಿದವರಿಗೆ ಮುಖ್ಯವಲ್ಲ. ಆ್ಯಪ್ ಬಿಳಿ ಎನ್ನುತ್ತದೆ, ಎದುರಿಗೆ ನಿಂತದ್ದು ಬೂದು. ಹಾಗಾಗಿ ಪೂರ್ತಿ ಬಣ್ಣ ಬದಲಿಸುವ ರ‍್ಯಾಪಿಗೂ ಅರ್ಜಿ ಹಾಕಿ, ಕಿತ್ತು ಹಾಕಿದಾಗ ಮತ್ತೆ ಹಾಕಿ. ಪೇಂಟಿಗೆ ಗೀರು ಬೀಳದಿರಲು ಅಂಟಿಸುವ, ಬಣ್ಣವಿಲ್ಲದ ಹಾಳೆಯಾದ ಪಿಪಿಎಫ್‌ಗೆ ಏನೂ ಬೇಡ. ಪಕ್ಕದಲ್ಲಿ ಒಂದು ಪಟ್ಟಿ, ಸಣ್ಣ ಸ್ಟಿಕ್ಕರ್ ಇಂಥವುಗಳಿಂದ ಗಾಡಿಯ ಬಣ್ಣ ಬದಲಾಯಿತು ಎನ್ನಲಾಗುವುದಿಲ್ಲ. ಆದರೆ ರಾಷ್ಟ್ರ ಲಾಂಛನ, ‘ಪೊಲೀಸ್’, ‘ಸರ್ಕಾರಿ ಸೇವೆ’ ಎಂಬ ಬರಹ ಖಾಸಗಿ ಗಾಡಿಗೆ ಸಲ್ಲದು. ಲಾಂಛನದ ದುರ್ಬಳಕೆಗೆ 2005ರ ಪ್ರತ್ಯೇಕ ಕಾಯ್ದೆಯೇ ಇದೆ. ಬಾನೆಟ್ ಮೇಲೆ ರಾಷ್ಟ್ರಧ್ವಜ ಹಾರಿಸುವ ಹಕ್ಕೂ ಧ್ವಜ ಸಂಹಿತೆ ಹೆಸರಿಸಿದ ಪದವಿಯವರಿಗೆ ಮಾತ್ರ.

ಸನ್ ಫಿಲ್ಮ್ ಸ್ವಲ್ಪ ಸೂಕ್ಷ್ಮ. ನಿಯಮ 100 ಮುಂದಿನ ಮತ್ತು ಹಿಂದಿನ ಗ್ಲಾಸಿಗೆ ಕನಿಷ್ಠ 70%, ಪಕ್ಕದ ಗ್ಲಾಸಿಗೆ ಕನಿಷ್ಠ 50% ಬೆಳಕು ಹಾಯಬೇಕು ಎನ್ನುತ್ತದೆ. 2012ರ ಏಪ್ರಿಲ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಎಷ್ಟೇ ತಿಳಿಯಾಗಿರಲಿ, ಗ್ಲಾಸಿನ ಮೇಲೆ ಫಿಲ್ಮ್ ಅಂಟಿಸುವುದನ್ನೇ ತಡೆಯಿತು. ಆಮೇಲೆ ನಿಯಮ 100ಕ್ಕೆ ತಿದ್ದುಪಡಿಯಾಗಿ 2021ರ ಏಪ್ರಿಲ್ 1ರಿಂದ ಪ್ಲಾಸ್ಟಿಕ್ ಪದರವಿರುವ ಸೇಫ್ಟಿ ಗ್ಲೇಜಿಂಗ್‌ಗೆ ಅವಕಾಶ ಬಂತು. ಅದರ ಆಧಾರದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟು, ಬೆಳಕಿನ ಪ್ರಮಾಣ ಉಳಿಸಿಕೊಂಡ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದಿತು. ಅದು ಕರ್ನಾಟಕದ ಪೊಲೀಸರನ್ನು ನೇರವಾಗಿ ಕಟ್ಟಿಹಾಕುವ ಆದೇಶವಲ್ಲ. ಹುಬ್ಬಳ್ಳಿ ಚನ್ನಮ್ಮ ಸರ್ಕಲ್‌ನಲ್ಲಿ ನಿಂತು ಕೇರಳದ ತೀರ್ಪು ತೋರಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ.

---

ಲೈಟ್_ಲೆವೆಲ್

ವಕೀಲರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ, ಯಾಕೆಂದರೆ ಫಿಲ್ಮ್ ಅಂಗಡಿಗಳಲ್ಲಿ ಇದನ್ನೇ ಮರೆಮಾಚುತ್ತಾರೆ. ‘70% ಫಿಲ್ಮ್’ ಎಂದರೆ ಫಿಲ್ಮ್ ಒಂದರದ್ದೇ ಅಳತೆ. ಕಂಪನಿಯ ಹಸಿರು ಛಾಯೆಯ ಗ್ಲಾಸ್ ತಾನೇ ಸುಮಾರು 78% ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಬೇಕು: 0.78 × 0.70 = 0.546. ಪಕ್ಕದ ಗ್ಲಾಸಿಗೆ 54.6%, ಅಂದರೆ ಮಿತಿಯೊಳಗೆ. ಅದೇ ಫಿಲ್ಮನ್ನು ಹಿಂದಿನ ಗ್ಲಾಸಿಗೆ ಹಾಕಿದರೆ 70% ಬೇಕಾದಲ್ಲಿ 54.6%, ನೇರ ಉಲ್ಲಂಘನೆ. ಮುಂದೆ, ಹಿಂದೆ ಮಿತಿ ಉಳಿಯಬೇಕಾದರೆ ಫಿಲ್ಮ್ 90% ಇರಬೇಕಾಗುತ್ತದೆ, ಅದೂ ಹೊಸದಾಗಿದ್ದಾಗ. ‘50% ಫಿಲ್ಮ್ ಲೀಗಲ್’ ಎಂದು ಮಾರುವುದು ಪಕ್ಕದ ಗ್ಲಾಸಿನಲ್ಲಿ 39%ಗೆ ಇಳಿಯುತ್ತದೆ. ಬಿಸಿಲು ತಡೆಯಲು ಗಾಡಿ ನಿಂತಾಗ ಹಾಕುವ ಮಡಚುವ ಶೇಡ್ ಒಳ್ಳೆಯದು.

---

ಮೈಸೂರು_ಪೇಂಟ್‌ಬೂತ್

ರ‍್ಯಾಪ್ ನಿಮ್ಮ ಗಾಡಿಗೆ ಆಗಲ್ಲ. ಬಾನೆಟ್, ರೂಫ್ ಎರಡರಲ್ಲೂ ಕ್ಲಿಯರ್ ಕೋಟ್ ಎದ್ದಿದೆ ಅಂದ್ರಿ. ವಿನೈಲ್ ಅಂಟೋದು ಆ ಕ್ಲಿಯರ್ ಕೋಟಿಗೆ. ಕೆಳಗಿನ ಪದರವೇ ಸಡಿಲ ಇದ್ದರೆ ಅಂಚು ಏಳುತ್ತೆ, ಮುಂದೆ ಕೀಳುವಾಗ ಹಾಳೆ ಜೊತೆ ಪೇಂಟೂ ಚಕ್ಕೆ ಚಕ್ಕೆಯಾಗಿ ಬರುತ್ತೆ. ಮೊದಲು ಪೇಂಟ್ ಸರಿಮಾಡಿ, ಅದು ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ರ‍್ಯಾಪ್ ಮಾಡಿಸೋದು ಅಂದರೆ ಎರಡು ಖರ್ಚು.

ಪೇಂಟ್ ಗಟ್ಟಿಯಿರೋ ಗಾಡಿಯವರಿಗೆ ಮಾತ್ರ: ಈ ಅಳತೆಯ ಗಾಡಿಗೆ 1.52 ಮೀಟರ್ ಅಗಲದ ರೋಲ್‌ನಲ್ಲಿ ಸುಮಾರು 15ರಿಂದ 18 ಮೀಟರ್ ಬೇಕು. ಕ್ಯಾಸ್ಟ್ ವಿನೈಲ್ ಕೇಳಿ. ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ಬಾಗಿದ ಜಾಗದಲ್ಲಿ ಎಳೆದು ಕೂರಿಸಿದರೂ ಬಿಸಿಲಿಗೆ ಕುಗ್ಗಿ ಹಿಂದಕ್ಕೆ ಸರಿಯುತ್ತೆ, ಅಂಚಲ್ಲಿ ಹಳೇ ಬಣ್ಣದ ಗೆರೆ ಕಾಣುತ್ತೆ. ಅಂಚು ಕತ್ತರಿಸೋಕೆ ಬ್ಲೇಡನ್ನ ಗಾಡಿ ಮೇಲೇ ಎಳೆಯೋರ ಹತ್ರ ಕೊಡಬೇಡಿ. ಪೇಂಟ್ ಕುಯ್ದು ತಗಡು ಕಂಡರೆ ಅಲ್ಲಿಂದಲೇ ತುಕ್ಕು. ದಾರದಂಥ ನೈಫ್‌ಲೆಸ್ ಟೇಪ್ ಬಳಸ್ತಾರಾ ಅಂತ ಕೇಳಿ.

---

ಟೈರ್_ಲೆಕ್ಕ

ಅಲಾಯ್ ವಿಷಯ ನಾನು ಹೇಳ್ತೀನಿ. ಝಡ್‌ಎಕ್ಸ್‌ಐಗೆ ಕಂಪನಿ ಅಳತೆ 185/65 ಆರ್15. ಒಟ್ಟು ವ್ಯಾಸ: 15 ಇಂಚು ಅಂದರೆ 381 ಮಿಮೀ, ಟೈರಿನ ಎರಡು ಪಕ್ಕ ತಲಾ 120.25 (185ರ 65%), ಸೇರಿ 621.5 ಮಿಮೀ. 16 ಇಂಚಿಗೆ ಹೋದರೆ 195/55 ಆರ್16 ಸರಿಯಾಗಿ ಕೂರುತ್ತೆ, 620.9 ಮಿಮೀ. ಸ್ಪೀಡೋಮೀಟರ್, ಎಬಿಎಸ್ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. 205/55 ಆರ್16 ಹಾಕಿಸಿ ಅಂತ ಅಂಗಡಿಯಲ್ಲಿ ಹೇಳ್ತಾರೆ. ಅದು 631.9, ವ್ಯಾಸ 1.7% ಜಾಸ್ತಿ. ಲೆಕ್ಕದಲ್ಲಿ ದೊಡ್ಡದಲ್ಲ, ಆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗುಂಡಿಗೆ ಇಳಿಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜೋ ಸಾಧ್ಯತೆ ಇದೆ, ಮೈಲೇಜೂ ಬೀಳುತ್ತೆ.

ನಿಯಮದ ದೃಷ್ಟಿಯಿಂದ ಇನ್‌ಸ್ಪೆಕ್ಟರ್ ನೋಡೋದು ಚಕ್ರ ಮಡ್‌ಗಾರ್ಡ್‌ನಿಂದ ಆಚೆ ಬಂದಿದೆಯಾ ಅಂತ. ಇದನ್ನ ತೀರ್ಮಾನ ಮಾಡೋದು ರಿಮ್ ಅಗಲ ಮತ್ತು ಆಫ್‌ಸೆಟ್ (ಗಾಡಿಗೆ ಕೂರೋ ಮುಖ ರಿಮ್ ನಡುಗೆರೆಯಿಂದ ಎಷ್ಟು ಮಿಮೀ ಹೊರಗಿದೆ ಅನ್ನೋದು, ಕಡಿಮೆಯಾದಷ್ಟೂ ಚಕ್ರ ಆಚೆ). ಉದಾಹರಣೆಗೆ 6 ಇಂಚು ಅಗಲ, ಆಫ್‌ಸೆಟ್ 45 ಇರೋ ರಿಮ್ ತೆಗೆದು 7 ಇಂಚು, ಆಫ್‌ಸೆಟ್ 35 ಹಾಕಿದರೆ ಹೊರ ಅಂಚು 12.7 + 10 = 22.7 ಮಿಮೀ ಆಚೆ ಬರುತ್ತೆ. ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಮಳೆಯಲ್ಲಿ ಕೆಸರು ನೇರ ಪಕ್ಕದ ಬೈಕಿನವರ ಮೇಲೆ, ಬೇರಿಂಗ್ ಮೇಲೆ ಭಾರವೂ ಜಾಸ್ತಿ. ರಿಮ್ ಅಗಲ 6 ಇಲ್ಲಾ 6.5ಕ್ಕೆ ನಿಲ್ಲಿಸಿ, ಆಫ್‌ಸೆಟ್ ಕಂಪನಿಯದ್ದರ ಹತ್ತಿರ ಇರಲಿ. ನಟ್ ಅಳತೆ 4×100 (100 ಮಿಮೀ ವೃತ್ತದಲ್ಲಿ 4 ನಟ್), ನಡುವಿನ ತೂತು 54.1 ಮಿಮೀ. ಹೊರಗಿನ ಅಲಾಯ್‌ಗಳಲ್ಲಿ ತೂತು ದೊಡ್ಡದಿರುತ್ತೆ, ಆಗ 54.1ಕ್ಕೆ ಹೊಂದೋ ಹಬ್ ರಿಂಗ್ (ಆ ಸಂದು ತುಂಬೋ ಬಳೆ) ಹಾಕಿಸಲೇಬೇಕು. ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ 80-90ರಲ್ಲಿ ಸ್ಟಿಯರಿಂಗ್ ನಡುಗುತ್ತೆ.

---

ತುಮಕೂರು_ಬಂಪರ್

ನಂಬರ್ ಪ್ಲೇಟ್ ಬಗ್ಗೆ. ಕನ್ನಡ ಅಂಕಿ ಹಾಕಿಸಬೇಕು ಅನ್ನೋ ಆಸೆ ಅರ್ಥ ಆಗುತ್ತೆ, ತಪ್ಪಲ್ಲ. ಆದರೆ ನಿಯಮ 50 ಮತ್ತು 51ರ ಪ್ರಕಾರ ರಿಜಿಸ್ಟ್ರೇಷನ್ ಗುರುತು ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿಗಳಲ್ಲೇ ಇರಬೇಕು, ಕಾರಿಗೆ ಅಕ್ಷರದ ಎತ್ತರ 65 ಮಿಮೀ, ದಪ್ಪ 10, ನಡುವಿನ ಅಂತರ 10. ಪ್ಲೇಟಿನ ಮೇಲೆ ಹೆಸರು, ಚಿತ್ರ, ಬೇರೆ ಬರಹ ಯಾವುದೂ ಇರಬಾರದು. ನಿಮ್ಮದು 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಗಾಡಿ, ಹಾಗಾಗಿ ಎಚ್‌ಎಸ್‌ಆರ್‌ಪಿ ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿರಬೇಕು. ಹಾಕಿಸಿಲ್ಲದಿದ್ದರೆ ಬಣ್ಣದ ಅರ್ಜಿಗೆ ಹೋಗೋ ಮೊದಲು ಅದನ್ನ ಮುಗಿಸಿ.

ಪೇಂಟ್ ಮಾಡುವಾಗ ಬಂಪರ್, ನಂಬರ್ ಪ್ಲೇಟ್ ಎಲ್ಲ ಬಿಚ್ಚುತ್ತಾರೆ. ಹಿಂದಿನ ಪ್ಲೇಟ್ ಸ್ನ್ಯಾಪ್ ಲಾಕ್‌ನಲ್ಲಿ ಕೂರಿಸಿರೋದು, ಒಮ್ಮೆ ಬಿಚ್ಚಿದರೆ ಒಡೆಯೋ ಹಾಗೇ ಮಾಡಿರೋದು. ಪೇಂಟ್ ಅಂಗಡಿಯವರು ಅದನ್ನ ಒಡೆದು ಸಾದಾ ಸ್ಕ್ರೂ ಹಾಕಿ ಕೊಟ್ಟರೆ ಪ್ಲೇಟ್ ಟ್ಯಾಂಪರ್ ಆದ ಲೆಕ್ಕ. ಆದಷ್ಟು ಪ್ಲೇಟ್ ಮುಚ್ಚಿ ಟೇಪ್ ಹಾಕಿ ಸುತ್ತ ಹೊಡೀಲಿ. ಬಿಚ್ಚಲೇಬೇಕಾದರೆ ಎಚ್‌ಎಸ್‌ಆರ್‌ಪಿ ಕೊಡೋ ಅಧಿಕೃತರ ಹತ್ತಿರವೇ ಮತ್ತೆ ಲಾಕ್ ಮಾಡಿಸಿ. ಪ್ಲೇಟ್ ಮೇಲೆ ಗೀರು ಬೀಳದಿರಲಿ ಅಂತ ಅಕ್ರಿಲಿಕ್ ಹಾಳೆ ಹಾಕಿಸೋದು ಬೇಡ, ಹೊಳಪಿಗೆ ಕ್ಯಾಮೆರಾ ಓದಲ್ಲ. ವಿಂಡ್‌ಶೀಲ್ಡ್ ಒಳಗಿನ ನೀಲಿ ಸ್ಟಿಕ್ಕರ್ ಪೆಟ್ರೋಲ್ ಗಾಡಿಯದ್ದು, ಗ್ಲಾಸ್ ತೆಗೆದರೆ ಅದನ್ನೂ ಮತ್ತೆ ಪಡೀಬೇಕು.

ಸ್ಪಾಯ್ಲರ್ ಸಣ್ಣದಿದ್ದು, ಅಂಚು ಚೂಪಿಲ್ಲದೆ, ಮೇಲಿನ ಬ್ರೇಕ್ ಲೈಟ್ ಮುಚ್ಚದೇ ಇದ್ದರೆ ಹಾಕಿಸ್ಕೊಳ್ಳಿ. ಕಂಪನಿಯ ಆಕ್ಸೆಸರಿ ಪಟ್ಟಿಯಲ್ಲಿರೋದನ್ನ ತಗೊಂಡು ಬಿಲ್ ಇಟ್ಟುಕೊಳ್ಳಿ.

---

ಹಾಸನ_ವಕೀಲರು

ಇನ್ಶೂರೆನ್ಸ್ ಬಿಟ್ಟುಹೋಗಿತ್ತು. ಆರ್‌ಸಿ ತಿದ್ದುಪಡಿಯಾದ ಮೇಲೆ ಅದರ ಪ್ರತಿ ಕೊಟ್ಟು ಪಾಲಿಸಿಗೆ ಹೊಸ ಬಣ್ಣ ನಮೂದಿಸುವ ಎಂಡಾರ್ಸ್‌ಮೆಂಟ್ ಮಾಡಿಸಿ. ಅಲಾಯ್, ಸ್ಪಾಯ್ಲರ್ ಬಿಲ್ ಸಮೇತ ಎಲೆಕ್ಟ್ರಿಕ್ ಅಲ್ಲದ ಆಕ್ಸೆಸರಿ ಎಂದು ಘೋಷಿಸಿ ಮೌಲ್ಯ ಸೇರಿಸಿ, ಇಲ್ಲದಿದ್ದರೆ ಪೆಟ್ಟಾದಾಗ ಕಂಪನಿಯ ಮೂಲ ಚಕ್ರದ ಬೆಲೆಯ ಮೇಲೇ ಚರ್ಚೆ ನಡೆಯುತ್ತದೆ. ಎಲೆಕ್ಟ್ರಿಕ್ ಆಕ್ಸೆಸರಿಗೆ ಬೇರೆ ಪ್ರೀಮಿಯಂ, ಮೌಲ್ಯದ 4%.

ಬಣ್ಣದ ವ್ಯತ್ಯಾಸ ಮುಚ್ಚಿಟ್ಟ ಗಾಡಿಗಳು ಸಾಮಾನ್ಯವಾಗಿ ಸಿಕ್ಕಿಬೀಳುವುದು ರಸ್ತೆಯಲ್ಲಲ್ಲ. ಮಾಲೀಕತ್ವ ವರ್ಗಾವಣೆಯಲ್ಲಿ, ಬೇರೆ ರಾಜ್ಯಕ್ಕೆ ಎನ್‌ಒಸಿ ಕೇಳುವಾಗ, ಇಲ್ಲಾ 15 ವರ್ಷ ತುಂಬಿ ಮರು ನೋಂದಣಿಗೆ ಗಾಡಿ ತೋರಿಸುವಾಗ. ನಿಮ್ಮ 2018ರ ಗಾಡಿಗೆ ಅದು 2033ರಲ್ಲಿ ಬರುತ್ತದೆ. ಆ ಹೊತ್ತಿಗೆ ಪೇಂಟ್ ಅಂಗಡಿಯೂ ಇರುವುದಿಲ್ಲ, ಬಿಲ್ಲೂ ಸಿಗುವುದಿಲ್ಲ.

---

ಕೆಎ25_ಸ್ವಿಫ್ಟ್

ಸರಿ ಸರ್. ಮೊದಲು ಆರ್‌ಸಿಯಲ್ಲಿ ಮೊಬೈಲ್ ನಂಬರ್ ಬದಲಾವಣೆ, ಎಚ್‌ಎಸ್‌ಆರ್‌ಪಿ, ಬ್ಯಾಂಕಿಗೆ ಮನವಿ. ಅರ್ಜಿಯಲ್ಲಿ ‘ಬೂದು, ರೂಫ್ ಕಪ್ಪು’ ಅಂತ ಕಂಪನಿ ಕೋಡ್ ಸಮೇತ ಬರೀತೀನಿ. ಅಲಾಯ್ 195/55 ಆರ್16, ಹಬ್ ರಿಂಗ್ ಜೊತೆಗೆ. ಫಿಲ್ಮ್ ಬದಲು ಶೇಡ್. ಬ್ಯಾಂಕಿನವರು ಎನ್‌ಒಸಿ ಯಾವ ಮಾದರಿಯಲ್ಲಿ ಕೊಡ್ತಾರೆ ಅಂತ ಸಿಕ್ಕ ಮೇಲೆ ಇಲ್ಲೇ ಹಾಕ್ತೀನಿ, ಸಾಲ ಇರೋ ಬೇರೆಯವರಿಗೂ ಬೇಕಾಗುತ್ತೆ.